ತಿಂಗಳ ಮಾಲನ್ನು ಒಂದೇ ಸಲ ಹೊಡೆದಿಡಬೇಕೇ? ಒಂದು ಪ್ರೆಸ್ ಶಾಪಿನ ಲಾಟ್ ಲೆಕ್ಕ

ಪ್ರಶ್ನೆ: ಬೆಂಗಳೂರಿನ ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಶಾಪ್ ಇದೆ. ವಾಹನದ ಬಿಡಿಭಾಗ ಮಾಡುವ ಕಂಪನಿಗಳಿಗೆ ಶೀಟ್ ಮೆಟಲ್ ಐಟಂಗಳನ್ನು ಪೂರೈಸುತ್ತೇವೆ. 160 ಟನ್ನಿನ ಪ್ರೆಸ್ಸಿನ ಮೇಲೆ ಆರು ಐಟಂಗಳು ಓಡುತ್ತವೆ. ತಿಂಗಳಿಗೆ ದೊಡ್ಡ ಬ್ರ್ಯಾಕೆಟ್ 40,000, ಸಣ್ಣ ಬ್ರ್ಯಾಕೆಟ್ 30,000, ಹಿಂಜ್ ಪ್ಲೇಟ್ 20,000, ಕ್ಲಿಪ್ 12,000, ಕವರ್ 6,000, ಸ್ಟೇ 4,000 ಬೇಕು. ಗಂಟೆಗೆ ಸರಾಸರಿ 400 ಪೀಸ್ ಬರುತ್ತವೆ. ದಿನಕ್ಕೆ ಎರಡು ಶಿಫ್ಟ್, ತಿಂಗಳಿಗೆ 24 ದಿನ ಕೆಲಸ. ಡೈ (ಶೀಟಿಗೆ ಆಕಾರ ಕೊಡುವ ಅಚ್ಚು) ಬದಲಿಸಲು ಎರಡು ಗಂಟೆ ಹಿಡಿಯುವುದರಿಂದ ಪ್ರತಿ ಐಟಂ ಅನ್ನು ತಿಂಗಳಿಗೊಮ್ಮೆ ಒಟ್ಟಿಗೇ ಹೊಡೆದಿಡುತ್ತೇವೆ. ಆದರೂ ಮಾಲು ತಡವಾಯಿತೆಂದು ಗ್ರಾಹಕರಿಂದ ದಿನವೂ ಫೋನ್ ಬರುತ್ತದೆ, ಗೋದಾಮಿನಲ್ಲಿ ಕಾಲಿಡಲು ಜಾಗವಿಲ್ಲ, ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್ ಸಾಲ) ಮಿತಿ ತುಂಬಿಹೋಗಿದೆ. ಲಾಟ್, ಅಂದರೆ ಒಂದು ಸಲಕ್ಕೆ ಹೊಡೆಯುವ ಪೀಸ್‌ಗಳು, ಎಷ್ಟಿರಬೇಕು? ಯಾವುದನ್ನು ಮೊದಲು ಓಡಿಸಬೇಕು? ಇನ್ನೊಂದು ಪ್ರೆಸ್ ಕೊಳ್ಳಬೇಕೇ, ಅಥವಾ ಪ್ಲಾನಿಂಗ್ ಸಾಫ್ಟ್‌ವೇರ್ ಹಾಕಿಸಬೇಕೇ?

ಉತ್ತರ: ಅಂಕಿಗಳನ್ನು ಸರಿಯಾಗಿ ಕೊಟ್ಟಿದ್ದೀರಿ. ಹೀಗೆ ಬರೆದುಕೊಂಡು ಕೇಳುವವರು ಕಡಿಮೆ. ಉತ್ತರದ ಬಹುಪಾಲು ಈ ಅಂಕಿಗಳಲ್ಲೇ ಇದೆ.

ಮೊದಲು ಗಂಟೆಗಳನ್ನು ಎಣಿಸೋಣ. ದಿನಕ್ಕೆ 16 ಗಂಟೆಯ ಎರಡು ಶಿಫ್ಟಿನಲ್ಲಿ ಊಟ, ಚಹಾ, ಕರೆಂಟು ಹೋಗುವುದು, ಸಣ್ಣಪುಟ್ಟ ರಿಪೇರಿ ಎಲ್ಲ ಕಳೆದು 14 ಗಂಟೆ ಕೈಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. 24 ದಿನಕ್ಕೆ 336 ಗಂಟೆ. ಆರು ಐಟಂಗಳು ಸೇರಿ 1,12,000 ಪೀಸ್. ಗಂಟೆಗೆ 400ರಂತೆ ಅದಕ್ಕೆ 280 ಗಂಟೆ. ತಿಂಗಳಿಗೆ ಆರೇ ಸಲ ಡೈ ಬದಲಿಸಿದರೆ ಅದಕ್ಕೆ 12 ಗಂಟೆ. ಅಂದರೆ ಕಾಗದದ ಮೇಲೆ ನಿಮ್ಮ ಪ್ರೆಸ್ಸಿಗೆ ತಿಂಗಳಿಗೆ 44 ಗಂಟೆ ಬಿಡುವಿದೆ. ಬಿಡುವಿರುವ ಯಂತ್ರದ ಮುಂದೆ ಮಾಲು ತಡವಾಗುತ್ತಿದೆ ಎಂದರೆ ಕೊರತೆ ಇರುವುದು ಯಂತ್ರದ ಶಕ್ತಿಯಲ್ಲಲ್ಲ, ಅದನ್ನು ಓಡಿಸುವ ಸರದಿಯಲ್ಲಿ.

ಕಾರಣ ಹೀಗೆ. ದೊಡ್ಡ ಬ್ರ್ಯಾಕೆಟ್ 40,000 ಪೀಸ್ ಒಟ್ಟಿಗೆ ಹೊಡೆಯಲು 100 ಗಂಟೆ, ಅಂದರೆ ಏಳು ಕೆಲಸದ ದಿನಗಳಿಗೂ ಹೆಚ್ಚು. ಅಷ್ಟು ದಿನವೂ ಉಳಿದ ಐದು ಐಟಂಗಳು ಬಾಗಿಲಲ್ಲಿ ನಿಂತಿರುತ್ತವೆ. ಮೂರನೆಯ ದಿನ ಸ್ಟೇ ಕೊಳ್ಳುವ ಗ್ರಾಹಕರು ‘ನಾಳೆ ನಮ್ಮ ಲೈನ್ ನಿಲ್ಲುತ್ತದೆ’ ಎಂದು ಫೋನ್ ಮಾಡುತ್ತಾರೆ. ನೀವು ಬ್ರ್ಯಾಕೆಟ್ ಡೈ ಇಳಿಸಿ, ಸ್ಟೇ ಡೈ ಏರಿಸಿ, 500 ಪೀಸ್ ಹೊಡೆದುಕೊಟ್ಟು, ಮತ್ತೆ ಬ್ರ್ಯಾಕೆಟ್ ಡೈ ಏರಿಸುತ್ತೀರಿ. ಒಂದೂಕಾಲು ಗಂಟೆಯ ಉತ್ಪಾದನೆಗಾಗಿ ನಾಲ್ಕು ಗಂಟೆ ಸೆಟ್ಟಿಂಗಿಗೆ, ಅಂದರೆ ಡೈ ಬದಲಿಸಿ ಹೊಂದಿಸುವುದಕ್ಕೆ, ಹೋಯಿತು. ಕಳೆದ ತಿಂಗಳ ಜಾಬ್ ಕಾರ್ಡುಗಳನ್ನು ತೆಗೆದು ನಿಜವಾಗಿ ಎಷ್ಟು ಸಲ ಡೈ ಬದಲಾಯಿತು ಎಂದು ಎಣಿಸಿ. ಆರಕ್ಕಿಂತ ಬಹಳ ಹೆಚ್ಚು ಬರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ದೊಡ್ಡ ಲಾಟ್ ಮಾಡಿ ಉಳಿಸಿದ ಸೆಟ್ಟಿಂಗ್‌ಗಳನ್ನು ನೀವು ತುರ್ತಿನ ಹೆಸರಿನಲ್ಲಿ ಮರಳಿ ಖರ್ಚು ಮಾಡುತ್ತಿದ್ದೀರಿ, ಅದೂ ಯೋಜನೆಯಿಲ್ಲದೆ.

ಲಾಟ್ ಎಷ್ಟಿರಬೇಕು ಎಂಬ ನಿಮ್ಮ ಪ್ರಶ್ನೆಗೆ ಒಂದು ಹಳೆಯ ಸೂತ್ರವಿದೆ. ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ 1913ರಲ್ಲಿ ಅದನ್ನು ಪ್ರಕಟಿಸಿದರು. ಹೆಸರಿನಲ್ಲಿ ಫೋರ್ಡ್ ಇದ್ದರೂ ಕಾರಿನ ಕಂಪನಿಗೂ ಅವರಿಗೂ ಸಂಬಂಧವಿಲ್ಲ. ಅವರು ತೂಗಿದ್ದು ಎರಡು ಖರ್ಚುಗಳನ್ನು. ಲಾಟ್ ದೊಡ್ಡದಾದಷ್ಟೂ ಸೆಟ್ಟಿಂಗ್ ಖರ್ಚು ಹೆಚ್ಚು ಪೀಸ್‌ಗಳ ಮೇಲೆ ಹಂಚಿಹೋಗುತ್ತದೆ, ಆದರೆ ಮಾಲು ಹಿಡಿದಿಟ್ಟುಕೊಳ್ಳುವ ಖರ್ಚು ಏರುತ್ತದೆ. ಬೇಡಿಕೆಯನ್ನು ಒಂದು ಸೆಟ್ಟಿಂಗಿನ ಖರ್ಚಿನಿಂದ ಗುಣಿಸಿ, ಅದನ್ನು ಎರಡರಿಂದ ಗುಣಿಸಿ, ಒಂದು ಪೀಸನ್ನು ಅಷ್ಟೇ ಅವಧಿ ಹಿಡಿದಿಡುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆದರೆ ಎರಡೂ ಖರ್ಚು ಸಮನಾಗುವ ಲಾಟ್ ಸಿಗುತ್ತದೆ.

ನಿಮ್ಮ ದೊಡ್ಡ ಬ್ರ್ಯಾಕೆಟ್ಟಿಗೆ ಹಾಕಿ ನೋಡೋಣ. ಪೀಸಿನ ವೆಚ್ಚ 12 ರೂಪಾಯಿ ಎಂದಿರಲಿ. ಸಿಸಿ ಬಡ್ಡಿ, ಜಾಗ, ಮಳೆಗಾಲದಲ್ಲಿ ಹಿಡಿಯುವ ತುಕ್ಕು, ಗ್ರಾಹಕರು ಡ್ರಾಯಿಂಗ್ ಬದಲಿಸಿದಾಗ ಹಳೆಯ ಮಾಲು ಗುಜರಿಗೆ ಹೋಗುವ ಅಪಾಯ ಎಲ್ಲ ಸೇರಿಸಿ ಹಿಡಿದಿಡುವ ಖರ್ಚು ವರ್ಷಕ್ಕೆ ಶೇ 24, ಅಂದರೆ ತಿಂಗಳಿಗೆ ಪೀಸಿಗೆ 24 ಪೈಸೆ. ಸೆಟ್ಟರ್, ಹೆಲ್ಪರ್, ಆಪರೇಟರ್ ಮೂವರ ಎರಡು ಗಂಟೆಯ ಸಂಬಳ ಮತ್ತು ಸೆಟ್ಟಿಂಗಿನಲ್ಲಿ ಹಾಳಾಗುವ ಪೀಸ್‌ಗಳು ಸೇರಿ ಒಂದು ಸೆಟ್ಟಿಂಗಿಗೆ 900 ರೂಪಾಯಿ. ಆಗ ಲಾಟ್ ಸುಮಾರು 17,320 ಬರುತ್ತದೆ. ತಿಂಗಳಿಗೆ ಎರಡು ಸಲಕ್ಕಿಂತ ಸ್ವಲ್ಪ ಹೆಚ್ಚು ಓಡಿಸಬೇಕು ಎಂದಾಯಿತು.

ಇಲ್ಲಿ ನಿಲ್ಲಬೇಡಿ. ಸೂತ್ರವನ್ನು ಪಾಠದಲ್ಲಿ ಕಲಿತ ಬಹಳ ಮಂದಿ ಎಡವುವುದು ಆ 900 ರೂಪಾಯಿಯಲ್ಲಿ. ನಿಮ್ಮ ಸೆಟ್ಟರ್ ತಿಂಗಳ ಸಂಬಳದವರು. ಇನ್ನೊಂದು ಸಲ ಡೈ ಬದಲಿಸಿದರೆ ಅವರ ಸಂಬಳ ಏರುವುದಿಲ್ಲ, ಬದಲಿಸದಿದ್ದರೆ ಇಳಿಯುವುದೂ ಇಲ್ಲ. ಪ್ರೆಸ್ಸಿಗೆ ಬಿಡುವಿರುವಾಗ ಇನ್ನೊಂದು ಸೆಟ್ಟಿಂಗಿನಿಂದ ನಿಮ್ಮ ಕೈಬಿಟ್ಟು ನಿಜವಾಗಿ ಹೋಗುವುದು ಹಾಳಾಗುವ ಪೀಸ್‌ಗಳ ಬೆಲೆ ಮಾತ್ರ. ಅದು 225 ರೂಪಾಯಿ ಎಂದರೆ ಲಾಟ್ 8,660ಕ್ಕೆ ಇಳಿಯುತ್ತದೆ. ಇದಕ್ಕೆ ವಿರುದ್ಧವಾದ ಸ್ಥಿತಿಯನ್ನೂ ನೋಡಿ. ಪ್ರೆಸ್ ಒಂದು ನಿಮಿಷವೂ ಬಿಡುವಿಲ್ಲದೆ ಓಡುತ್ತಿದ್ದು, ಹೊಡೆದದ್ದೆಲ್ಲ ಮಾರಾಟವಾಗುವಂತಿದ್ದರೆ ಎರಡು ಗಂಟೆಯ ಸೆಟ್ಟಿಂಗ್ ಎಂದರೆ 800 ಪೀಸ್ ನಷ್ಟ. ಪೀಸಿಗೆ ಮೂರು ರೂಪಾಯಿ ಉಳಿಯುತ್ತದೆ ಎಂದರೂ 2,400 ರೂಪಾಯಿ ಕೈತಪ್ಪುತ್ತದೆ. ಅದಕ್ಕೆ ಹಾಳಾದ ಪೀಸ್ ಸೇರಿಸಿ ಸೂತ್ರಕ್ಕೆ ಹಾಕಿದರೆ ಲಾಟ್ 29,580ಕ್ಕೆ ಜಿಗಿಯುತ್ತದೆ. ಯಂತ್ರ ಅದೇ, ಡೈ ಅದೇ, ಸೂತ್ರವೂ ಅದೇ. ಒಂದು ಕಡೆ 8,660, ಇನ್ನೊಂದು ಕಡೆ 29,580. ಸೆಟ್ಟಿಂಗಿನ ಖರ್ಚನ್ನು ಅಕೌಂಟೆಂಟರ ಪುಸ್ತಕದಿಂದ ತೆಗೆಯಬಾರದು, ಯಂತ್ರಕ್ಕೆ ಬಿಡುವಿದೆಯೇ ಇಲ್ಲವೇ ಎಂಬುದರಿಂದ ತೆಗೆಯಬೇಕು. ನಿಮಗೆ 44 ಗಂಟೆ ಬಿಡುವಿದೆ. ಹಾಗಾಗಿ ನಿಮ್ಮ ಲೆಕ್ಕ 8,660ರ ಕಡೆಯದು.

ಇದೇ ಸಂಖ್ಯೆಗೆ ಅಂಟಿಕೊಳ್ಳಬೇಕೆಂದಿಲ್ಲ. ಈ ಸೂತ್ರದ ಒಳ್ಳೆಯ ಗುಣವೆಂದರೆ ಸ್ವಲ್ಪ ಆಚೀಚೆ ಆದರೆ ಅದು ಶಿಕ್ಷಿಸುವುದಿಲ್ಲ. ಲಾಟನ್ನು ಒಂದೂವರೆ ಪಟ್ಟು ಮಾಡಿದರೆ ಈ ಎರಡು ಖರ್ಚುಗಳ ಮೊತ್ತ ಶೇ 8ರಷ್ಟು ಏರುತ್ತದೆ. ದುಪ್ಪಟ್ಟು ಮಾಡಿದರೂ ಅರ್ಧ ಮಾಡಿದರೂ ಶೇ 25ರಷ್ಟು. ಆದ್ದರಿಂದ ವಾರ, ಹದಿನೈದು ದಿನ ಎಂಬಂತೆ ಎಲ್ಲರ ತಲೆಯಲ್ಲಿ ನಿಲ್ಲುವ ಅಳತೆಗೆ ಲಾಟನ್ನು ಹೊಂದಿಸಿಕೊಳ್ಳಿ. ನಾಲ್ಕಾರು ರೂಪಾಯಿ ಹೆಚ್ಚಾದರೂ ಅಂಗಳದಲ್ಲಿ ಗೊಂದಲ ಇರುವುದಿಲ್ಲ.

ಆದರೆ ಹ್ಯಾರಿಸರ ಸೂತ್ರ ಒಂದು ಸಮಯಕ್ಕೆ ಒಂದೇ ಐಟಂ ಅನ್ನು ನೋಡುತ್ತದೆ. ನಿಮ್ಮಲ್ಲಿ ಆರು ಐಟಂಗಳು ಒಂದೇ ಪ್ರೆಸ್ಸಿಗೆ ಜೋತುಬಿದ್ದಿವೆ. ಅವೆಲ್ಲ ಸೇರಿ ಆ ಪ್ರೆಸ್ಸಿನಲ್ಲಿ ಹಿಡಿಸುತ್ತವೆಯೇ ಎಂಬುದಕ್ಕೆ ಬೇರೆ ಲೆಕ್ಕ ಬೇಕು. ನನ್ನ ದೃಷ್ಟಿಯಲ್ಲಿ ಕಾರ್ಖಾನೆಯ ಅಂಗಳದಲ್ಲಿ ಇದೇ ಮುಖ್ಯವಾದದ್ದು, ಮತ್ತು ಬಹಳ ಸುಲಭವಾದದ್ದು. ಆರೂ ಐಟಂಗಳನ್ನು ಒಂದು ಸುತ್ತು ಓಡಿಸಲು ಬೇಕಾದ ಒಟ್ಟು ಸೆಟ್ಟಿಂಗ್ ಸಮಯವನ್ನು ಯಂತ್ರದ ಬಿಡುವಿನ ಪಾಲಿನಿಂದ ಭಾಗಿಸಿ. ಸಿಗುವುದೇ ಒಂದು ಸುತ್ತಿಗೆ ಬೇಕಾದ ಕನಿಷ್ಠ ಅವಧಿ. ನಿಮ್ಮ ಹೊರೆ 336ಕ್ಕೆ 280, ಅಂದರೆ ಆರನೇ ಒಂದು ಭಾಗ ಬಿಡುವು. ಆರು ಸೆಟ್ಟಿಂಗಿಗೆ 12 ಗಂಟೆ. 12ನ್ನು ಆರನೇ ಒಂದರಿಂದ ಭಾಗಿಸಿದರೆ 72 ಗಂಟೆ, ಸುಮಾರು ಐದು ಕೆಲಸದ ದಿನ. ಅಂದರೆ ಎಲ್ಲ ಐಟಂಗಳನ್ನೂ ಐದು ದಿನಕ್ಕೊಮ್ಮೆ ಓಡಿಸುವ ಶಕ್ತಿ ಈಗಲೇ ನಿಮ್ಮ ಪ್ರೆಸ್ಸಿಗಿದೆ. ನೀವು ಓಡಿಸುತ್ತಿರುವುದು 24 ದಿನಕ್ಕೊಮ್ಮೆ.

ಇದೇ ಲೆಕ್ಕದಲ್ಲಿ ಹೊರೆ ಶೇ 95 ಆದರೆ ಏನಾಗುತ್ತದೆ? 12 ಭಾಗಿಸು 0.05, ಅಂದರೆ 240 ಗಂಟೆ. ಸುತ್ತಿಗೆ 17 ದಿನ. ಯಂತ್ರವನ್ನು ಪೂರ್ತಿ ತುಂಬಿಸುತ್ತ ಹೋದಂತೆ ಲಾಟ್ ಏಕೆ ಹಿಗ್ಗುತ್ತದೆ, ಸರಬರಾಜು ಏಕೆ ಜಗ್ಗುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಯಂತ್ರ ಒಂದು ಕ್ಷಣವೂ ನಿಲ್ಲಬಾರದು ಎಂಬ ಹಟ ಇರುವ ಮಾಲೀಕರು ಈ ಸಂಖ್ಯೆಯನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. ಈಗ ಹೊರೆಯನ್ನು ಹಾಗೆಯೇ ಇಟ್ಟು ಸೆಟ್ಟಿಂಗನ್ನು ಎರಡು ಗಂಟೆಯಿಂದ 45 ನಿಮಿಷಕ್ಕೆ ಇಳಿಸಿ ನೋಡಿ. ಆರು ಸೆಟ್ಟಿಂಗಿಗೆ ನಾಲ್ಕೂವರೆ ಗಂಟೆ, ಸುತ್ತಿಗೆ 27 ಗಂಟೆ. ಎರಡೇ ದಿನ.

ಈ ಕನಿಷ್ಠದ ಅಂಚಿನಲ್ಲಿ ಓಡಿಸಬಾರದು. ಒಂದು ಸ್ಪ್ರಿಂಗ್ ಮುರಿದರೆ, ಶೀಟು ಒಂದು ದಿನ ತಡವಾದರೆ ಸುತ್ತೇ ಕಳಚಿಬೀಳುತ್ತದೆ. ನಾನು ನಿಮಗೆ ಸೂಚಿಸುವ ಸರದಿ ಹೀಗಿದೆ. ತಿಂಗಳನ್ನು ನಾಲ್ಕು ವಾರ ಎಂದು ಹಿಡಿಯಿರಿ, ವಾರಕ್ಕೆ 84 ಗಂಟೆ. ಹೆಚ್ಚು ಹೋಗುವ ಮೂರು ಐಟಂಗಳು ಪ್ರತಿ ವಾರವೂ ಓಡಲಿ: ದೊಡ್ಡ ಬ್ರ್ಯಾಕೆಟ್ 10,000, ಸಣ್ಣ ಬ್ರ್ಯಾಕೆಟ್ 7,500, ಹಿಂಜ್ ಪ್ಲೇಟ್ 5,000. ಈ ಮೂರಕ್ಕೆ 56 ಗಂಟೆ ಕಾಲು. ಒಂದು ವಾರ ಇವುಗಳ ಜೊತೆಗೆ ಕ್ಲಿಪ್ 6,000 ಓಡಲಿ, ಮರುವಾರ ಕವರ್ 3,000 ಮತ್ತು ಸ್ಟೇ 2,000 ಓಡಲಿ. ಮೊದಲ ವಾರ ನಾಲ್ಕು ಸೆಟ್ಟಿಂಗ್ ಸೇರಿ 79 ಗಂಟೆ ಕಾಲು, ಎರಡನೆಯ ವಾರ ಐದು ಸೆಟ್ಟಿಂಗ್ ಸೇರಿ 78 ಗಂಟೆ ಮುಕ್ಕಾಲು. ಎರಡೂ ವಾರ ಹೆಚ್ಚುಕಡಿಮೆ ಸಮ. ವಾರಕ್ಕೆ ಐದು ಗಂಟೆಯಷ್ಟು ಕೈಯಲ್ಲಿ ಉಳಿಯುತ್ತದೆ. ಆ ಐದು ಗಂಟೆಯನ್ನು ಯಾವುದಕ್ಕೂ ಬರೆದುಕೊಡಬೇಡಿ. ಅದು ಕೆಟ್ಟುನಿಂತ ದಿನಕ್ಕೆ, ಡೈ ಸಾಣೆಗೆ, ಟ್ರಯಲ್ಲಿಗೆ. ಕಡಿಮೆ ಹೋಗುವ ಐಟಂಗಳನ್ನು ಹದಿನೈದು ದಿನಕ್ಕೆ ತಳ್ಳಿದ್ದಕ್ಕೂ ಕಾರಣವಿದೆ. ವರ್ಗಮೂಲದ ಸೂತ್ರದಂತೆ ಬೇಡಿಕೆ ಹತ್ತನೇ ಒಂದಾದರೆ ಓಡಿಸುವ ಸಲಗಳು ಹತ್ತನೇ ಒಂದಾಗುವುದಿಲ್ಲ, ಸುಮಾರು ಮೂರನೇ ಒಂದಾಗುತ್ತವೆ.

ಗೋದಾಮಿನಲ್ಲಿ ಏನು ಬದಲಾಗುತ್ತದೆ? ಲಾಟಿನ ಅರ್ಧದಷ್ಟು ಮಾಲು ಸರಾಸರಿಯಾಗಿ ದಾಸ್ತಾನಿನಲ್ಲಿ ಕೂತಿರುತ್ತದೆ ಎಂದು ಸ್ಥೂಲವಾಗಿ ಹಿಡಿಯಬಹುದು. ಈಗ ಅದು 56,000 ಪೀಸ್, 12 ರೂಪಾಯಿಯಂತೆ 6.72 ಲಕ್ಷ. ಹೊಸ ಸರದಿಯಲ್ಲಿ 16,750 ಪೀಸ್, 2.01 ಲಕ್ಷ. ಸುಮಾರು 4.7 ಲಕ್ಷ ರೂಪಾಯಿ ಸಿಸಿ ಖಾತೆಗೆ ಮರಳುತ್ತದೆ. ಅಮೆರಿಕದ ಸಂಶೋಧಕ ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಒಂದು ನಿಯಮವಿದೆ: ಒಳಗೆ ಕೂತಿರುವ ಮಾಲನ್ನು ದಿನಕ್ಕೆ ಹೊರಹೋಗುವ ಮಾಲಿನಿಂದ ಭಾಗಿಸಿದರೆ ಒಂದು ಪೀಸ್ ಒಳಗೆ ಎಷ್ಟು ದಿನ ಕಾಯುತ್ತದೆ ಎಂದು ಗೊತ್ತಾಗುತ್ತದೆ. ನೀವು ದಿನಕ್ಕೆ ಸುಮಾರು 4,670 ಪೀಸ್ ಕಳಿಸುತ್ತೀರಿ. ಕಾಯುವ ಕಾಲ 12 ದಿನದಿಂದ ನಾಲ್ಕು ದಿನದೊಳಕ್ಕೆ ಇಳಿಯುತ್ತದೆ. ಗುಣಮಟ್ಟದ ಲಾಭವನ್ನು ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ನನಗೆ ಅದೇ ದೊಡ್ಡದು. ಪಂಚ್ ಅಂಚು ಮೊಂಡಾಗಿ ಬರ್ (ಪೀಸಿನ ಅಂಚಿನಲ್ಲಿ ಏಳುವ ಚೂಪು ಉಬ್ಬು) ಬಂದಿರುವುದು ಗ್ರಾಹಕರ ಅಸೆಂಬ್ಲಿಯಲ್ಲಿ ಪತ್ತೆಯಾದಾಗ ಹಿಂದೆ 40,000 ಪೀಸ್ ಬಿದ್ದಿರುವುದಕ್ಕೂ 10,000 ಬಿದ್ದಿರುವುದಕ್ಕೂ ಬಹಳ ವ್ಯತ್ಯಾಸವಿದೆ.

ಮೇಲೆ ಹೇಳಿದ್ದರ ಜೊತೆಗೆ ಅಡಚಣೆ ಬಂದಾಗ ಕೈಹಿಡಿಯುವ ಕಾಪು ದಾಸ್ತಾನು ಬೇಕು. ವಾರಕ್ಕೊಮ್ಮೆ ಓಡುವ ಐಟಂಗೆ ಎರಡು ಮೂರು ದಿನದ ಮಾಲು, ಹದಿನೈದು ದಿನಕ್ಕೊಮ್ಮೆ ಓಡುವುದಕ್ಕೆ ಒಂದು ವಾರದ ಮಾಲು ಇಟ್ಟು ಶುರುಮಾಡಿ. ಸರದಿ ನಿಂತ ಮೇಲೆ ನಿಧಾನವಾಗಿ ಇಳಿಸಬಹುದು. ಶೀಟು ಕೊಳ್ಳುವ ಲಾಟನ್ನು ಇದಕ್ಕೆ ಕಟ್ಟಿಹಾಕಬೇಡಿ. ಡೀಲರ್ ಇಷ್ಟು ಟನ್ನಿಗಿಂತ ಕಡಿಮೆ ಕೊಡುವುದಿಲ್ಲ ಎಂದರೆ ಶೀಟನ್ನು ಶೀಟಾಗಿಯೇ ಇಡಿ. ಹೊಡೆದ ಪೀಸ್ ಒಂದೇ ಐಟಂಗೆ ಬರುತ್ತದೆ, ಅದೇ ದಪ್ಪದ ಶೀಟು ಬೇರೆ ಐಟಂಗೂ ಬರುತ್ತದೆ.

ಈಗ ಎರಡು ಗಂಟೆಯ ಸೆಟ್ಟಿಂಗಿನ ಮಾತು. ನಿಮ್ಮ ಪತ್ರದಲ್ಲಿ ನೀವು ಅದನ್ನು ಮಾರ್ಪಡಿಸಲಾಗದ ಸಂಗತಿಯಂತೆ ಬರೆದಿದ್ದೀರಿ. ನನ್ನ ಪೂರ್ತಿ ಉತ್ತರದಲ್ಲಿ ನೀವು ಒಂದನ್ನೇ ಒಪ್ಪುವುದಾದರೆ ಇದನ್ನು ಒಪ್ಪಿ: ಸೆಟ್ಟಿಂಗ್ ಸಮಯ ಹುಟ್ಟಿನಿಂದ ಬಂದದ್ದಲ್ಲ, ಇಳಿಸಬಹುದಾದದ್ದು.

ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಈ ವಿಷಯದಲ್ಲಿ ದಾರಿ ಮಾಡಿಕೊಟ್ಟವರು. 1950ರಲ್ಲಿ ಹಿರೋಷಿಮಾದ ಟೊಯೊ ಕೊಗ್ಯೊ (ಇಂದಿನ ಮಜ್ದಾ) ಕಾರ್ಖಾನೆಯಲ್ಲಿ 800 ಟನ್ನಿನ ಪ್ರೆಸ್ಸಿನ ಡೈ ಬದಲಿಸುವುದನ್ನು ಅವರು ನಿಂತು ನೋಡಿದರು. ಡೈ ಬಿಗಿಯುವ ಒಂದು ಬೋಲ್ಟ್ ಕಾಣೆಯಾಗಿತ್ತು. ಕೆಲಸಗಾರ ಎಲ್ಲೆಲ್ಲೋ ಹುಡುಕಿ, ಕೊನೆಗೆ ಬೇರೆ ಡೈಯ ಉದ್ದದ ಬೋಲ್ಟ್ ತಂದು ಕತ್ತರಿಸಿ ಹಾಕಿದ. ಅಷ್ಟು ಹೊತ್ತೂ ಪ್ರೆಸ್ ನಿಂತೇ ಇತ್ತು. ಯಂತ್ರ ನಿಂತಾಗಲೇ ಮಾಡಬೇಕಾದ ಕೆಲಸ ಬೇರೆ, ಓಡುತ್ತಿರುವಾಗಲೇ ಮುಗಿಸಿಟ್ಟುಕೊಳ್ಳಬಹುದಾದ ಕೆಲಸ ಬೇರೆ ಎಂಬ ವಿಂಗಡಣೆ ಅವರಿಗೆ ಹೊಳೆದದ್ದು ಅಲ್ಲಿ. 1969ರಲ್ಲಿ ಟೊಯೊಟಾದ 1,000 ಟನ್ನಿನ ಪ್ರೆಸ್ಸಿಗೆ ನಾಲ್ಕು ಗಂಟೆ ಹಿಡಿಯುತ್ತಿದ್ದ ಸೆಟ್ಟಿಂಗನ್ನು ಮೊದಲು 90 ನಿಮಿಷಕ್ಕೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ನಿಮ್ಮದು 160 ಟನ್ನಿನ ಪ್ರೆಸ್. ಮೂರು ನಿಮಿಷದ ಮಾತು ಇರಲಿ, 45 ನಿಮಿಷಕ್ಕೆ ದೊಡ್ಡ ಬಂಡವಾಳವೇನೂ ಬೇಕಿಲ್ಲ.

ಮಾಡಬೇಕಾದ್ದು ಇಷ್ಟು. ಹಿಂದಿನ ಐಟಂನ ಕೊನೆಯ ಒಳ್ಳೆಯ ಪೀಸಿನಿಂದ ಮುಂದಿನ ಐಟಂನ ಮೊದಲ ಒಳ್ಳೆಯ ಪೀಸಿನವರೆಗೆ ಪೂರ್ತಿ ಮೊಬೈಲಿನಲ್ಲಿ ಚಿತ್ರೀಕರಿಸಿ. ಸೆಟ್ಟರ್‌ಗೆ ಮೊದಲೇ ಹೇಳಿ, ಅವರ ಜೊತೆ ಕೂತೇ ನೋಡಿ, ಏಕೆಂದರೆ ಪರಿಹಾರಗಳು ಅವರ ಬಾಯಿಂದಲೇ ಬರುತ್ತವೆ. ನೀವು ಕಾಣುವುದೇನೆಂದರೆ, ಸ್ಪ್ಯಾನರ್ ಹಿಡಿದು ತಿರುಗಿಸುವ ಹೊತ್ತು ಕಡಿಮೆ, ನಡೆಯುವ ಮತ್ತು ಕಾಯುವ ಹೊತ್ತು ಹೆಚ್ಚು. ಡೈ ಯಾವುದೋ ರ‍್ಯಾಕಿನ ತಳದಲ್ಲಿದೆ. ಟ್ರಾಲಿ ಡಿಸ್ಪ್ಯಾಚಿನಲ್ಲಿದೆ. ಒಂದೊಂದು ಡೈಗೂ ಕ್ಲ್ಯಾಂಪ್ ಹಿಡಿಯುವ ಜಾಗದ ಎತ್ತರ ಬೇರೆಬೇರೆ, ಹಾಗಾಗಿ ಬೇರೆಬೇರೆ ಉದ್ದದ ಟಿ-ಬೋಲ್ಟ್ ಬೇಕು, ಅವೆಲ್ಲ ಒಂದೇ ಡಬ್ಬದಲ್ಲಿ ಕಲಸಿ ಬಿದ್ದಿವೆ. ಅಡಿಗೆ ಕೊಡುವ ಪ್ಯಾಕಿಂಗ್ ತುಂಡುಗಳನ್ನು ಹುಡುಕಿ ಜೋಡಿಸಬೇಕು. ಪ್ರತಿ ಡೈಗೂ ಶಟ್ ಹೈಟ್ (ಮುಚ್ಚಿದಾಗಿನ ಎತ್ತರ) ಬೇರೆ, ಹಾಗಾಗಿ ಪ್ರತಿ ಸಲವೂ ಪ್ರೆಸ್ಸಿನಲ್ಲಿ ಮೇಲೆ ಕೆಳಗೆ ಚಲಿಸುವ ಭಾಗವಾದ ರ‍್ಯಾಮ್ ಏರಿಸಿ ಇಳಿಸಿ ಹೊಂದಿಸಬೇಕು. ಎಲ್ಲ ಮುಗಿದು ಮೊದಲ ಪೀಸ್ ಹೊಡೆದ ಮೇಲೆ ಇನ್ಸ್‌ಪೆಕ್ಟರ್ ಬರುವವರೆಗೆ ಎಲ್ಲರೂ ಕೈಕಟ್ಟಿ ನಿಲ್ಲಬೇಕು.

ಪರಿಹಾರಗಳು ಇಲ್ಲೇ ಕಾಣುತ್ತವೆ. ಮುಂದಿನ ಡೈ, ಅದರ ಬೋಲ್ಟ್, ಸ್ಪ್ಯಾನರ್, ಗೇಜು, ಮೊದಲ ಬಿನ್ನಿಗೆ ಬೇಕಾದ ಶೀಟು ಎಲ್ಲವೂ ಹಿಂದಿನ ಐಟಂ ಇನ್ನೂ ಓಡುತ್ತಿರುವಾಗಲೇ ಪ್ರೆಸ್ಸಿನ ಪಕ್ಕ ಬಂದು ನಿಲ್ಲಲಿ. ಆರೂ ಡೈಗಳಿಗೆ ಖಾಯಂ ಪ್ಯಾಕಿಂಗ್ ಪ್ಲೇಟ್ ಬಿಗಿದು ಶಟ್ ಹೈಟ್ ಒಂದೇ ಮಾಡಿಸಿ. ಕ್ಲ್ಯಾಂಪ್ ಹಿಡಿಯುವ ಎತ್ತರವೂ ಒಂದೇ ಆಗಲಿ, ಆಗ ಒಂದೇ ಉದ್ದದ ಬೋಲ್ಟ್ ಎಲ್ಲದಕ್ಕೂ ಸಾಕು. ಡೈ ತಳ್ಳಿದ ಕೂಡಲೇ ಸರಿಯಾದ ಜಾಗಕ್ಕೆ ಹೋಗಿ ನಿಲ್ಲುವಂತೆ ಬೋಲ್ಸ್ಟರ್ (ಪ್ರೆಸ್ಸಿನಲ್ಲಿ ಡೈ ಕೂರುವ ಹಾಸು) ಮೇಲೆ ತಡೆ ಪಿನ್ ಹಾಕಿಸಿ. ಟ್ರಾಲಿಯ ಎತ್ತರ ಬೋಲ್ಸ್ಟರ್ ಎತ್ತರಕ್ಕೆ ಸಮನಾಗಿರಲಿ. ಡೈ ಇಳಿಸುವಾಗ ಆ ಓಟದ ಕೊನೆಯ ಪೀಸನ್ನು ಚೀಟಿ ಬರೆದು ಡೈಗೆ ಕಟ್ಟಿ. ಅದರ ಅಂಚನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಡೈ ಸಾಣೆಗೆ ಹೋಗಬೇಕೋ ರ‍್ಯಾಕಿಗೋ ಎಂದು ಟೂಲ್ ರೂಮಿನವರಿಗೆ ಗೊತ್ತಾಗುತ್ತದೆ. ಮುಂದಿನ ಸಲ ಏರಿಸಿದ ಮೇಲೆ ‘ಡೈ ಸರಿಯಿಲ್ಲ’ ಎಂದು ಇಳಿಸುವ ಕಷ್ಟ ತಪ್ಪುತ್ತದೆ.

ಸಮಯ ಇಳಿಸುವ ಭರದಲ್ಲಿ ಒಂದು ವಿಷಯದಲ್ಲಿ ರಾಜಿ ಬೇಡ. ರ‍್ಯಾಮ್ ಅಡಿಗೆ ಸೇಫ್ಟಿ ಬ್ಲಾಕ್ ಇಡದೆ, ಮೇನ್ ಸ್ವಿಚ್ ಆರಿಸಿ ಬೀಗ ಹಾಕದೆ ಯಾರೂ ಡೈಯೊಳಗೆ ಕೈ ಹಾಕಬಾರದು. ಎರಡು ಕೈಗಳ ಬಟನ್ನನ್ನು ಕಟ್ಟಿಹಾಕಿ ಒಂದೇ ಕೈಯಲ್ಲಿ ಓಡಿಸಬಾರದು. ಪ್ರೆಸ್ ಶಾಪುಗಳಲ್ಲಿ ಬೆರಳು ಕಳೆದುಕೊಂಡವರನ್ನು ನೀವೂ ನೋಡಿರುತ್ತೀರಿ. ಇದಕ್ಕೆ ಹಿಡಿಯುವ ಎರಡು ನಿಮಿಷವನ್ನು ಸೆಟ್ಟಿಂಗ್ ಸಮಯದ ಒಳಗೇ ಸೇರಿಸಿ ಲೆಕ್ಕ ಹಾಕಿ.

ಪ್ರೆಸ್ಸಿನಿಂದಾಚೆಗೂ ಒಂದು ಮಾತಿದೆ. ಯಂತ್ರದಲ್ಲಿ ಒಟ್ಟಿಗೆ ಹೊಡೆಯುವ ಲಾಟ್ ಮತ್ತು ಮುಂದಿನ ಕೆಲಸಕ್ಕೆ ಸಾಗಿಸುವ ಲಾಟ್ ಒಂದೇ ಆಗಿರಬೇಕಾಗಿಲ್ಲ. ದೊಡ್ಡ ಬ್ರ್ಯಾಕೆಟ್ 10,000ಕ್ಕೆ ಪ್ರೆಸ್ಸಿನಲ್ಲಿ 25 ಗಂಟೆ. ಆಮೇಲೆ ತೂತಿನೊಳಗೆ ಸ್ಕ್ರೂ ಮರೆ ಕೊರೆಯುವ ಟ್ಯಾಪಿಂಗಿದೆ, ಅದು ಗಂಟೆಗೆ 500ರಂತೆ ನಡೆಯುತ್ತದೆ ಎಂದಿಟ್ಟುಕೊಳ್ಳಿ, 20 ಗಂಟೆ. ಪೂರ್ತಿ ಲಾಟ್ ಮುಗಿದ ಮೇಲೆಯೇ ಸಾಗಿಸಿದರೆ ಒಟ್ಟು 45 ಗಂಟೆ. ಸಾವಿರ ಪೀಸಿನ ಬಿನ್ ತುಂಬಿದಂತೆ ಸಾಗಿಸಿದರೆ 27 ಗಂಟೆಗೆ ಎರಡೂ ಮುಗಿಯುತ್ತವೆ. ಟ್ಯಾಪಿಂಗ್ ವೇಗವಾದದ್ದರಿಂದ ಮೊದಲ ಬಿನ್ ಬಂದ ಕೂಡಲೇ ಶುರುಮಾಡಿದರೆ ಅಲ್ಲಿಯವರು ಮಧ್ಯೆ ಮಧ್ಯೆ ಕಾಯಬೇಕಾಗುತ್ತದೆ. ಏಳನೆಯ ಗಂಟೆಗೆ ಶುರುಮಾಡಿಸಿ, ಆಗ ಎಲ್ಲೂ ತಡೆಯಿಲ್ಲದೆ 27ಕ್ಕೇ ಮುಗಿಯುತ್ತದೆ, ಮೊದಲ ಏಳು ಗಂಟೆ ಅವರು ಬೇರೆ ಐಟಂ ಮಾಡಿಕೊಳ್ಳಬಹುದು. ಒಂದು ರೂಪಾಯಿ ಖರ್ಚಿಲ್ಲದೆ 18 ಗಂಟೆ ಉಳಿಯಿತು. ಹೊರಗೆ ಪ್ಲೇಟಿಂಗಿಗೆ ಕಳಿಸುವ ಐಟಂಗಳಿದ್ದರೆ ಪ್ಲೇಟರ್ ಜೊತೆ ಮಾತಾಡಿ, ವಾರದ ಇಂತಿಂಥ ದಿನ ಇಷ್ಟು ಬರುತ್ತದೆ ಎಂದು ಗೊತ್ತುಮಾಡಿ. ಅವರಿಗೂ ಒಮ್ಮೆಲೇ 40,000 ಬಂದು ಬೀಳುವುದಕ್ಕಿಂತ ಇದು ಹಿತ.

ಯಾವುದು ಮೊದಲು ಎಂಬ ಪ್ರಶ್ನೆಗೆ ಸರದಿ ನಿಗದಿಯಾದ ಮೇಲೆ ಉತ್ತರ ಚಿಕ್ಕದಾಗುತ್ತದೆ. ಒಂದೇ ದಪ್ಪದ ಶೀಟಿನ ಐಟಂಗಳು ಹಿಂದುಮುಂದಾಗಿ ಬರಲಿ, ಹೊಂದಿಸುವ ಕೆಲಸ ಕಡಿಮೆಯಾಗುತ್ತದೆ. ವಾರದ ಕ್ರಮ ಪ್ರತಿ ವಾರವೂ ಅದೇ ಇರಲಿ: ಸೋಮವಾರ ಬೆಳಿಗ್ಗೆ ಯಾವ ಡೈ ಪ್ರೆಸ್ ಮೇಲಿರುತ್ತದೆ ಎಂದು ಕಾವಲುಗಾರನಿಗೂ ಗೊತ್ತಿರಬೇಕು. ನಡೆಯುತ್ತಿರುವ ವಾರದ ಯೋಜನೆಗೆ ಯಾರೂ ಕೈಹಾಕುವಂತಿಲ್ಲ, ಮಾಲೀಕರೂ ಸೇರಿ. ಗ್ರಾಹಕರು ಶೆಡ್ಯೂಲ್ ಬದಲಿಸಿದರೆ ಅದು ಮುಂದಿನ ವಾರಕ್ಕೆ ಹೋಗಲಿ, ಮಧ್ಯದ ಅಂತರವನ್ನು ಕಾಪು ದಾಸ್ತಾನು ತುಂಬಲಿ. ಬಿಡದಿಯಲ್ಲಿ 1999ರ ಕೊನೆಯಿಂದ ಕಾರು ತಯಾರಿಸುತ್ತಿರುವ ಟೊಯೊಟಾ ಕಿರ್ಲೋಸ್ಕರ್‌ನಂಥ ಕಾರ್ಖಾನೆಗೆ ಮಾಲು ಕೊಡುವವರು ನಿಮ್ಮ ಪರಿಚಯದಲ್ಲಿದ್ದರೆ ವಿಚಾರಿಸಿ. ಪ್ರತಿ ದಿನವೂ ಸಮಸಮವಾಗಿ ಸ್ವಲ್ಪಸ್ವಲ್ಪ ಮಾಡುವ ಪದ್ಧತಿಯಿಂದ ತಮ್ಮ ಅಂಗಳದಲ್ಲಿ ಏನು ಬದಲಾಯಿತು ಎಂದು ಅವರು ಹೇಳುತ್ತಾರೆ.

ಸುತ್ತಿಗೆ ಸೇರದ ಬಿಡಿ ಆರ್ಡರುಗಳೂ ಬರುತ್ತವೆ. ಅವಕ್ಕೆ ಎರಡು ಹಳೆಯ ನಿಯಮಗಳು ಸಾಕು, ಎರಡೂ 1950ರ ದಶಕದವು. ಅತಿ ಹೆಚ್ಚು ತಡವಾಗುವ ಆರ್ಡರಿನ ತಡವನ್ನು ಕನಿಷ್ಠ ಮಾಡಬೇಕಾದರೆ ವಾಯಿದೆ ಹತ್ತಿರವಿರುವುದನ್ನು ಮೊದಲು ಮಾಡಿ. ಎಲ್ಲ ಆರ್ಡರುಗಳೂ ಸರಾಸರಿಯಾಗಿ ಬೇಗ ಹೊರಬೀಳಬೇಕಾದರೆ ಚಿಕ್ಕ ಕೆಲಸವನ್ನು ಮೊದಲು ಮಾಡಿ. ನಾನು ಬಿಡಿಭಾಗದವರಿಗೆ ಮೊದಲನೆಯದನ್ನೇ ಹೇಳುತ್ತೇನೆ, ಏಕೆಂದರೆ ನಿಮ್ಮ ಹೆಸರು ಕೆಡುವುದು ಸರಾಸರಿಯಿಂದಲ್ಲ, ತೀರಾ ತಡವಾದ ಆ ಒಂದು ಆರ್ಡರಿನಿಂದ. ಜೋರಾಗಿ ಕೂಗಿದವರದು ಮೊದಲು ಎಂಬ ನಿಯಮ ಮಾತ್ರ ಬೇಡ.

ಇದೆಲ್ಲ ನಿಲ್ಲಬೇಕಾದರೆ ನಿಮ್ಮ ಇನ್ಸೆಂಟಿವ್ ಪದ್ಧತಿಯನ್ನು ಒಮ್ಮೆ ನೋಡಿ. ಆಪರೇಟರ್‌ಗೆ ಪೀಸಿನ ಲೆಕ್ಕದಲ್ಲಿ ದುಡ್ಡು ಸಿಗುತ್ತಿದ್ದರೆ ಅವರು ಡೈ ಬದಲಿಸುವುದನ್ನು ತಮ್ಮ ಜೇಬಿಗೆ ಬಿದ್ದ ಕತ್ತರಿ ಎಂದೇ ತಿಳಿಯುತ್ತಾರೆ, ಅದು ನ್ಯಾಯವೂ ಹೌದು. ವಾರದ ಯೋಜನೆಯಲ್ಲಿ ಬರೆದ ಐಟಂ, ಬರೆದ ಸಂಖ್ಯೆ, ಬರೆದ ದಿನ ಮುಗಿದರೆ ಇಡೀ ತಂಡಕ್ಕೆ ಇನ್ಸೆಂಟಿವ್ ಎಂದು ಬದಲಿಸಿ. ಹೆಚ್ಚು ಹೊಡೆದದ್ದಕ್ಕೆ ಬೇಡ. ನಿಮ್ಮ ಅಕೌಂಟೆಂಟ್ ‘ಸಣ್ಣ ಲಾಟಿನಿಂದ ಪೀಸಿನ ವೆಚ್ಚ ಏರಿತು’ ಎನ್ನಬಹುದು. ಬ್ಯಾಂಕಿನ ಸಿಸಿ ಬಾಕಿ ಮತ್ತು ತುರ್ತು ಟೆಂಪೊ ಬಾಡಿಗೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಲು ಅವರಿಗೆ ಹೇಳಿ.

ಸಾಫ್ಟ್‌ವೇರ್ ಈಗ ಬೇಡ. ಆರು ಐಟಂ, ಒಂದು ಪ್ರೆಸ್, ಎರಡು ವಾರದ ಸರದಿಗೆ ಒಂದು ದೊಡ್ಡ ಬಿಳಿಹಲಗೆ ಮತ್ತು ಒಂದು ಎಕ್ಸೆಲ್ ಹಾಳೆ ಸಾಕು. ಗಂಟೆಗೆ ನಿಜವಾಗಿ ಎಷ್ಟು ಪೀಸ್ ಬರುತ್ತದೆ, ಸೆಟ್ಟಿಂಗಿಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ, ಸ್ಟಾಕಿನಲ್ಲಿ ನಿಜವಾಗಿ ಎಷ್ಟಿದೆ ಎಂಬ ಮೂರು ಸಂಖ್ಯೆಗಳು ಪ್ರತಿ ದಿನ ಸರಿಯಾಗಿ ಬರೆಯಲ್ಪಡದ ಅಂಗಳದಲ್ಲಿ ಯಾವ ಸಾಫ್ಟ್‌ವೇರೂ ಸರಿಯಾದ ಯೋಜನೆ ಕೊಡಲಾರದು. ಅವು ಸರಿಯಾಗಿ ಬರತೊಡಗಿ, ಐಟಂಗಳು ಮೂವತ್ತು ನಲವತ್ತು ದಾಟಿ, ಒಂದೊಂದೂ ನಾಲ್ಕೈದು ಯಂತ್ರ ಹಾಯಬೇಕಾದಾಗ ಆ ಮಾತಾಡೋಣ.

ಇನ್ನೊಂದು ಪ್ರೆಸ್ಸೂ ಈಗ ಬೇಡ. ಸೆಟ್ಟಿಂಗನ್ನು 45 ನಿಮಿಷಕ್ಕೆ ತಂದ ಮೇಲೆ ತಿಂಗಳ 18 ಸೆಟ್ಟಿಂಗಿಗೆ ಹದಿಮೂರೂವರೆ ಗಂಟೆ ಹೋಗುತ್ತದೆ. ಕೆಟ್ಟ ದಿನಗಳಿಗೆ 20 ಗಂಟೆ ತೆಗೆದಿಟ್ಟರೂ 302 ಗಂಟೆ ಉತ್ಪಾದನೆಗೆ ಸಿಗುತ್ತದೆ. ಅಂದರೆ ಇದೇ ಪ್ರೆಸ್ಸಿನಲ್ಲಿ ತಿಂಗಳಿಗೆ ಸುಮಾರು 1,21,000 ಪೀಸ್, ಈಗಿನದಕ್ಕಿಂತ 9,000 ಹೆಚ್ಚು. ಖಚಿತ ಆರ್ಡರುಗಳು ಸತತ ಮೂರು ತಿಂಗಳು ಆ ಗಡಿ ದಾಟಿದರೆ ಆಗ ಪ್ರೆಸ್ಸಿನ ಕೊಟೇಶನ್ ತರಿಸಿ. ಅಲ್ಲಿಯವರೆಗೆ ಆ ದುಡ್ಡಿನಲ್ಲಿ ಒಂದು ಚಿಕ್ಕ ಪಾಲನ್ನು ಡೈ ಟ್ರಾಲಿಗೆ, ಪ್ಯಾಕಿಂಗ್ ಪ್ಲೇಟುಗಳಿಗೆ ಮತ್ತು ಒಂದು ಒಳ್ಳೆಯ ಡೈ ರ‍್ಯಾಕಿಗೆ ಹಾಕಿ.